ಜೈಲಿನ ಸಾವಿಗೆ ಲೆಕ್ಕ ಕೇಳುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದ ಜೈಲುಗಳಲ್ಲಿ 1,995 ಮಂದಿ ಸತ್ತರು. ಇದರಲ್ಲಿ 1,773 ಸಾವುಗಳನ್ನು ಸ್ವಾಭಾವಿಕ ಎಂದೂ 159ನ್ನು ಅಸ್ವಾಭಾವಿಕ ಎಂದೂ ಬರೆದುಕೊಳ್ಳಲಾಗಿದೆ. ಉಳಿದ 63ಕ್ಕೆ ಕಾರಣ ಇನ್ನೂ ಗೊತ್ತಾಗಿರಲಿಲ್ಲ. ಅಸ್ವಾಭಾವಿಕ ಸಾವುಗಳಲ್ಲಿ 119 ಆತ್ಮಹತ್ಯೆಗಳು.

ಕಸ್ಟಡಿ ಸಾವು ಎಂದೊಡನೆ ನಮ್ಮ ಪತ್ರಿಕೆ, ವಿಧಾನಸಭೆ, ಕೋರ್ಟುಗಳೆಲ್ಲ ಮಾತಾಡುವುದು ಆ ಚಿಕ್ಕ ಸಂಖ್ಯೆಯ ಬಗ್ಗೆ. ಹೊಡೆದು ಕೊಂದರೇ, ನೇಣು ಹಾಕಿಕೊಂಡನೇ, ಕೈದಿಗಳೇ ಬಡಿದಾಡಿಕೊಂಡರೇ? ಕೇಳಬೇಕಾದ ಪ್ರಶ್ನೆಗಳೇ ಇವು, ಅನುಮಾನವಿಲ್ಲ. ಆದರೆ ಹತ್ತರಲ್ಲಿ ಸುಮಾರು ಒಂಬತ್ತು ಸಾವುಗಳು ಕಾಯಿಲೆಯ ಹೆಸರಿನಲ್ಲಿ ಕಡತ ಸೇರುತ್ತವೆ. ಎದೆನೋವು ಎಂದು ಕೈದಿ ಮೊದಲ ಸಲ ಹೇಳಿದ್ದು ಯಾವಾಗ, ಆಸ್ಪತ್ರೆಗೆ ಕರೆದೊಯ್ದದ್ದು ಯಾವಾಗ, ನಡುವೆ ಎಷ್ಟು ಹೊತ್ತು ಹೋಯಿತು ಎಂದು ಕೇಳುವ ಹೊರಗಿನವರು ಯಾರೂ ಇಲ್ಲ. ನಮ್ಮ ಮೇಲ್ವಿಚಾರಣೆ ಶುರುವಾಗುವುದು ಹೆಣ ಬಿದ್ದ ಮೇಲೆ. ಅದು ‘ಕೊಂದರೇ’ ಎಂದು ಕೇಳುತ್ತದೆ, ‘ಉಳಿಸಬಹುದಿತ್ತೇ’ ಎಂದು ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ತುಮಕೂರು ಜಿಲ್ಲೆಯಲ್ಲಿ ನಿಂತು ನೋಡಿದರೆ ಈ ಏರ್ಪಾಡು ಸ್ಪಷ್ಟವಾಗಿ ಕಾಣುತ್ತದೆ. ಗುಬ್ಬಿ ಅಥವಾ ಕುಣಿಗಲ್‌ನಲ್ಲಿ ಬಂಧನವಾದವನನ್ನು ಅಲ್ಲಿನ ಜೆಎಂಎಫ್‌ಸಿ ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತಾರೆ. ನ್ಯಾಯಾಂಗ ಬಂಧನದ (ಜೆಸಿ) ಆದೇಶವಾದರೆ ತುಮಕೂರಿನ ಜಿಲ್ಲಾ ಕಾರಾಗೃಹದ ದಾರಿ. ಗುಬ್ಬಿಯಿಂದ ಸುಮಾರು 20 ಕಿಲೊಮೀಟರ್. ಕುಣಿಗಲ್ಲಿನವರಿಗೆ ಅದರ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಸಂದರ್ಶನಕ್ಕೆ ಬರುವ ಹೆಂಡತಿಗೋ ತಾಯಿಗೋ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಒಳಗೆ ಹೋದವನು ಸೊರಗಿದ್ದಾನೆ, ಕೆಮ್ಮುತ್ತಿದ್ದಾನೆ ಎಂದು ಮೊದಲು ಗುರುತಿಸುವವರೂ ಇವರೇ. ಇವರು ಕಂಡದ್ದನ್ನು ಬರೆದುಕೊಳ್ಳುವ ಪುಸ್ತಕ ಮಾತ್ರ ಜೈಲಿನ ಬಾಗಿಲಲ್ಲಿ ಇಲ್ಲ.

ಜೈಲಿಗೆ ಹೊಸದಾಗಿ ಬಂದವನನ್ನು ವೈದ್ಯರು ಪರೀಕ್ಷಿಸಬೇಕು. ಇದಕ್ಕೆಂದೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಒಂದು ನಮೂನೆ ಕಳುಹಿಸಿತು. ಮೈಮೇಲಿನ ಗಾಯ, ಹಳೆಯ ಕಾಯಿಲೆ, ಕುಡಿತ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಬರೆಯಬೇಕಾದ ಹಾಳೆ ಅದು. ಸರಿಯಾಗಿ ತುಂಬಿದರೆ ಕೈದಿಗೆಷ್ಟು ರಕ್ಷಣೆಯೋ ಜೈಲರಿಗೂ ಅಷ್ಟೇ ರಕ್ಷಣೆ: ಠಾಣೆಯಿಂದ ಹೊತ್ತು ತಂದ ಗಾಯ ಜೈಲಿನ ತಲೆಗೆ ಬರುವುದಿಲ್ಲ. ಅವಸರದಲ್ಲಿ ‘ಆರೋಗ್ಯವಾಗಿದ್ದಾನೆ’ ಎಂದು ಗೀಚಿ ಸಹಿ ಮಾಡಿದರೆ, ಮುಂದೆ ಏನಾದರೂ ಆದಾಗ ಎರಡು ಇಲಾಖೆಗಳೂ ಒಂದರ ಬೆನ್ನಿಗೆ ಇನ್ನೊಂದು ಅಡಗುತ್ತವೆ.

ನಂತರದ ಅಡಚಣೆ ಬೆಂಗಾವಲಿನದು. ಕೈದಿಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಬೇಕು. ಜಾತ್ರೆ, ಚುನಾವಣೆ, ಮಂತ್ರಿಗಳ ಪ್ರವಾಸ ಎಂದು ಆ ಸಿಬ್ಬಂದಿ ಬೇರೆಡೆ ಹೋದರೆ ‘ಎಸ್ಕಾರ್ಟ್ ಬಂದಿಲ್ಲ, ನಾಳೆ ನೋಡೋಣ’ ಎಂಬ ಮಾತು ಬ್ಯಾರಕ್ಕಿನಲ್ಲಿ ಕೇಳಿಬರುತ್ತದೆ. ಸಕ್ಕರೆ ಕಾಯಿಲೆಯವನಿಗೆ ಒಂದು ದಿನ ತಡವಾದರೆ ನಡೆದೀತು, ಹೃದಯಾಘಾತವಾದವನಿಗೆ ನಡೆಯುವುದಿಲ್ಲ. ಸತ್ತ ಮೇಲೆ ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ‘ಹೃದಯಾಘಾತ’ ಎಂದು ಬರೆಯುತ್ತಾರೆ. ಅವರು ಬರೆದದ್ದು ಸುಳ್ಳಲ್ಲ. ಬೆಂಗಾವಲಿಗೆ ಕಾದ ಹೊತ್ತು ಶವದ ಮೈಮೇಲೆ ಕಾಣುವಂಥದ್ದಲ್ಲ, ಅಷ್ಟೇ.

ಇಲ್ಲೊಂದು ಸ್ವಾರಸ್ಯವಿದೆ. ಬ್ರಿಟಿಷರ 1894ರ ಕಾರಾಗೃಹ ಕಾಯಿದೆಯ 15ನೇ ಕಲಂ ಬರೀ ಸಾವಿನ ದಾಖಲೆಗೆ ಮೀಸಲು. ಕೈದಿ ಸತ್ತರೆ ಜೈಲಿನ ವೈದ್ಯರು ರಿಜಿಸ್ಟರಿನಲ್ಲಿ ಏನೇನು ಬರೆಯಬೇಕೆಂದು ಅದು ಪಟ್ಟಿ ಕೊಡುತ್ತದೆ: ಕಾಯಿಲೆಯೆಂದು ಅವನು ಮೊದಲು ದೂರಿದ ದಿನ, ಆ ದಿನ ಅವನಿಗೆ ಹಚ್ಚಿದ್ದ ಕೆಲಸ, ತಿನ್ನುತ್ತಿದ್ದ ಆಹಾರದ ಪ್ರಮಾಣ, ಆಸ್ಪತ್ರೆಗೆ ಸೇರಿಸಿದ ದಿನ, ವೈದ್ಯರಿಗೆ ಮೊದಲು ಸುದ್ದಿ ಮುಟ್ಟಿದ ದಿನ, ಸಾಯುವ ಮುನ್ನ ವೈದ್ಯರು ಕೊನೆಯ ಸಲ ಅವನನ್ನು ನೋಡಿದ್ದು ಯಾವಾಗ. ಉಳಿಸಬಹುದಿತ್ತೇ ಎಂಬುದಕ್ಕೆ ಬೇಕಾದ ಉತ್ತರವೆಲ್ಲ ಈ ಕಾಲಂಗಳಲ್ಲೇ ಇದೆ. ಪರದೇಶದ ಆಡಳಿತಕ್ಕೂ ಇಷ್ಟು ಹೊಳೆದಿತ್ತು. ಕೊರತೆಯೆಂದರೆ ಆ ರಿಜಿಸ್ಟರು ಜೈಲಿನವರೇ ಬರೆದು ಜೈಲಿನಲ್ಲೇ ಇಟ್ಟುಕೊಳ್ಳುವ ರಿಜಿಸ್ಟರು. ಹೊರಗಿನವರು ಅದನ್ನು ತಪ್ಪದೆ ತೆರೆದು ನೋಡಲೇಬೇಕೆಂಬ ಕಟ್ಟಳೆ ಅಂದೂ ಇರಲಿಲ್ಲ. 1963ರ ನಮ್ಮ ರಾಜ್ಯದ ಕಾಯಿದೆಯೂ ಅದೇ ವಂಶದ್ದು.

ಸಾವಾದ ಮೇಲಿನ ಕ್ರಮ ಕಾಗದದ ಮೇಲೆ ಬಿಗಿಯಾಗಿಯೇ ಇದೆ. ಜೈಲಿನಿಂದ ಠಾಣೆಗೆ ದೂರು ಹೋಗಿ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಆಯೋಗ ಹುಟ್ಟಿದ ಎರಡೇ ತಿಂಗಳಿಗೆ, 1993ರ ಡಿಸೆಂಬರ್ 14ರಂದು, ಈ ಸೂಚನೆ ಹೊರಟಿತು. ಜೈಲಿನ ಸಾವುಗಳಿಗೂ ಅದು ಅನ್ವಯವೆಂದು 1995ರಲ್ಲಿ ಸ್ಪಷ್ಟಪಡಿಸಲಾಯಿತು. ಅನುಮಾನವಿರುವ ಸಾವಾದರೆ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಬೇಕು, ಆಯೋಗದ ಮಾದರಿ ನಮೂನೆಯಲ್ಲೇ ವರದಿ ಬರೆಯಬೇಕು. ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋದರೆ ಅಂತಿಮ ಅಭಿಪ್ರಾಯಕ್ಕೆ ಮತ್ತೆ ಕಾಯಬೇಕು.

ಇದೆಲ್ಲದರ ಮೇಲೆ ಮ್ಯಾಜಿಸ್ಟ್ರೇಟರ ವಿಚಾರಣೆ. 2005ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ 176(1ಎ) ಸೇರಿ, 2006ರ ಜೂನ್‌ನಲ್ಲಿ ಜಾರಿಗೆ ಬಂತು. ಅಲ್ಲಿಯವರೆಗೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ನಡೆಸುತ್ತಿದ್ದ ವಿಚಾರಣೆಯನ್ನು ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ನಡೆಸಬೇಕೆಂಬುದು ಅದರ ತಿರುಳು. ಪೊಲೀಸ್ ಕಸ್ಟಡಿ ಮಾತ್ರವಲ್ಲ, ನ್ಯಾಯಾಲಯ ಒಪ್ಪಿಸಿದ ಯಾವುದೇ ಕಸ್ಟಡಿಯಾದರೂ ಸರಿ. ಸಾಧ್ಯವಾದಲ್ಲೆಲ್ಲ ಬಂಧುಗಳಿಗೆ ತಿಳಿಸಿ, ವಿಚಾರಣೆಯ ವೇಳೆ ಹಾಜರಿರಲು ಬಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 196ನೇ ಕಲಂ.

ಒಳ್ಳೆಯ ಕಾನೂನು. ಆದರೆ ‘ಅಪರಾಧ ನಡೆದ ಸ್ಥಳದ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್’ ಎಂಬ ಒಂದು ಮಾತು ಅದರೊಳಗೆ ಸೇರಿಕೊಂಡಿತ್ತು. ಅಪರಾಧದ ಅನುಮಾನ ಇಲ್ಲದಿದ್ದರೆ ಈ ವಿಚಾರಣೆ ಏಕೆ ಎಂಬ ವಾದಕ್ಕೆ ಅಷ್ಟೇ ಸಾಕಾಯಿತು. 2010ರಲ್ಲಿ ಮಾನವ ಹಕ್ಕುಗಳ ಆಯೋಗವೇ ಈ ಓದಿಗೆ ಮಣಿಯಿತು: ಅನುಮಾನವಿದ್ದರೆ ನ್ಯಾಯಾಂಗದ ಮ್ಯಾಜಿಸ್ಟ್ರೇಟ್, ಕಾಯಿಲೆಯ ಸಾವಾದರೆ ಕಾರ್ಯಾಂಗದ ಮ್ಯಾಜಿಸ್ಟ್ರೇಟ್ ಸಾಕು. ಇದರಿಂದ ಬಾಗಿಲು ಮುಚ್ಚಿದ್ದು ಯಾರಿಗೆ ಎಂದು ನೋಡಿ. ಸಾವು ಕಾಯಿಲೆಯದೋ ಅಲ್ಲವೋ ಎಂದು ಮೊದಲು ಹೇಳುವವರು ಜೈಲಿನವರು. ಅವರು ಕಾಯಿಲೆ ಎಂದರೆ ನ್ಯಾಯಾಧೀಶರು ಬರುವುದಿಲ್ಲ. ಅನುಮಾನವಿದೆಯೇ ಎಂದು ತೀರ್ಮಾನಿಸಲು ಬೇಕಿದ್ದ ವಿಚಾರಣೆಯನ್ನು ಅನುಮಾನ ಇದ್ದರೆ ಮಾತ್ರ ನಡೆಸುವುದೆಂದಾಯಿತು. ನನಗಂತೂ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಹಾನಿ ಮಾಡಿದ ಕಾಗದ ಇದೇ ಅನ್ನಿಸುತ್ತದೆ. ಲಾಠಿಗಿಂತಲೂ.

ಅನುಮಾನ ಇರುವ ಕಡೆಯೂ ಪರಿಸ್ಥಿತಿ ಚೆನ್ನಾಗಿಲ್ಲ. 2020ರ ಜನವರಿಯಲ್ಲಿ ಮಾನವ ಹಕ್ಕುಗಳ ಕಾರ್ಯಕರ್ತ ಸುಹಾಸ್ ಚಕ್ಮಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನೋಟಿಸ್ ಕೊಟ್ಟಿತು. 2005ರಿಂದ 2017ರವರೆಗೆ ಪೊಲೀಸ್ ಕಸ್ಟಡಿಯಲ್ಲಿ ಸತ್ತ ಅಥವಾ ಕಾಣೆಯಾದ 827 ಮಂದಿಯ ಪೈಕಿ ನ್ಯಾಯಾಂಗ ವಿಚಾರಣೆ ನಡೆದದ್ದು 166 ಪ್ರಕರಣಗಳಲ್ಲಿ ಮಾತ್ರ ಎಂದು ಅರ್ಜಿ ಹೇಳಿತ್ತು. ಐದರಲ್ಲಿ ಒಂದು. ಠಾಣೆಯ ಸಾವಿನ ಕಥೆಯೇ ಹೀಗಾದರೆ ಜೈಲಿನದನ್ನು ಕೇಳುವುದೇ ಬೇಡ. ಠಾಣೆಯಲ್ಲಿ ಯಾರಾದರೂ ಸತ್ತರೆ ಊರಾದರೂ ಸೇರುತ್ತದೆ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದಿದ್ದವನು ಸತ್ತನೆಂದು ಜನ ಠಾಣೆಗೇ ನುಗ್ಗಿದರು, ತನಿಖೆ ಸಿಐಡಿಗೆ ಹೋಯಿತು. ಹಾಗೆ ನುಗ್ಗುವುದನ್ನು ಯಾರೂ ಸಮರ್ಥಿಸಲಾರರು. ಆದರೆ ತನಿಖೆ ಮಾಡುವವರ ಮೇಲೆ ಜನಕ್ಕೆ ನಂಬಿಕೆ ಇಲ್ಲದಿದ್ದರೆ ಹೀಗಾಗುತ್ತದೆ. ಜೈಲಿನ ಎತ್ತರದ ಗೋಡೆಯೊಳಗೆ, ಕುಟುಂಬ ಬಿಟ್ಟುಬಂದವನು ಸತ್ತರೆ ಯಾವ ಊರೂ ಸೇರುವುದಿಲ್ಲ.

ಇನ್ನು ಆಯೋಗಗಳು. ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅಧ್ಯಕ್ಷತೆಯಲ್ಲಿ ಕೆಲಸ ಶುರುಮಾಡಿತು. ಅವರ ಅವಧಿ ಮುಗಿದ ಮೇಲೆ ಅಧ್ಯಕ್ಷ ಸ್ಥಾನ ದೀರ್ಘಕಾಲ ಖಾಲಿ ಬಿದ್ದಿತ್ತು. ಖಾಲಿ ಕುರ್ಚಿಗಿಂತ ದೊಡ್ಡ ದೋಷ ಕಾಯಿದೆಯಲ್ಲೇ ಇದೆ. ಆಯೋಗದ ತನಿಖಾ ವಿಭಾಗ ಪೊಲೀಸ್ ಅಧಿಕಾರಿಗಳದ್ದು: ರಾಷ್ಟ್ರ ಮಟ್ಟದಲ್ಲಿ ಡಿಜಿಪಿ ದರ್ಜೆಯವರು, ರಾಜ್ಯದಲ್ಲಿ ಐಜಿಪಿ ದರ್ಜೆಯವರು. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಎತ್ತಿಕೊಂಡರೂ ಕೊನೆಗೆ ಕೊಡುವುದು ಶಿಫಾರಸು. ಪೊಲೀಸರೂ ಜೈಲೂ ಒಂದೇ ಗೃಹ ಇಲಾಖೆಯ ಅಡಿಯಲ್ಲಿವೆ. 2023ರ ಮೇನಲ್ಲಿ ಆ ಖಾತೆ ವಹಿಸಿಕೊಂಡ ಜಿ. ಪರಮೇಶ್ವರ ತುಮಕೂರು ಜಿಲ್ಲೆಯವರೇ, ಕೊರಟಗೆರೆ ಶಾಸಕರು. ಮಂತ್ರಿ ಯಾರೇ ಇರಲಿ, ಇಲಾಖೆ ತನ್ನ ತಪ್ಪನ್ನು ತಾನೇ ಹುಡುಕುವ ಏರ್ಪಾಡು ಬದಲಾಗುವುದಿಲ್ಲ ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಸುಪ್ರೀಂ ಕೋರ್ಟ್ ಸುಮ್ಮನೆ ಕೂತಿಲ್ಲ. 1996ರ ಡಿಸೆಂಬರ್ ತಿಂಗಳ ಒಂದೇ ವಾರದಲ್ಲಿ ಎರಡು ತೀರ್ಪುಗಳು ಬಂದವು. 18ರಂದು ಬಂದ ಡಿ.ಕೆ. ಬಸು ತೀರ್ಪು ಎಲ್ಲರಿಗೂ ಗೊತ್ತು. ಬಂಧನದ ಹನ್ನೊಂದು ನಿಯಮಗಳು ಠಾಣೆಗಳ ಗೋಡೆಯ ಮೇಲೆ ಇಂದಿಗೂ ಇವೆ. 23ರಂದು ಬಂದದ್ದು ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ. ನಮ್ಮದೇ ರಾಜ್ಯದ ಮೊಕದ್ದಮೆ, ನಮ್ಮಲ್ಲೇ ಯಾರಿಗೂ ನೆನಪಿಲ್ಲ. ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಕೋರ್ಟ್, ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳುಹಿಸಿ ವರದಿ ತರಿಸಿಕೊಂಡಿತು. ಕೊನೆಗೆ ನ್ಯಾಯಮೂರ್ತಿ ಹನ್ಸಾರಿಯಾ ಬರೆದ ತೀರ್ಪು ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು. ಕಿಕ್ಕಿರಿದ ಬ್ಯಾರಕ್ಕು, ಹಿಂಸೆಯ ಜೊತೆಗೆ ಆರೋಗ್ಯದ ನಿರ್ಲಕ್ಷ್ಯವೂ ಜೈಲು ಸಂದರ್ಶಕರ ವ್ಯವಸ್ಥೆಯೂ ಆ ಪಟ್ಟಿಯಲ್ಲಿದ್ದವು. ಜಿಲ್ಲಾ ನ್ಯಾಯಾಧೀಶರೊಬ್ಬರು ಒಳಗೆ ಹೋಗಿ ಕಣ್ಣಾರೆ ಕಂಡು ಬರೆದದ್ದರಿಂದ ಸಾಧ್ಯವಾದ ತೀರ್ಪದು. ಸತ್ತ ಮೇಲಲ್ಲ, ಬದುಕಿದ್ದಾಗಲೇ ನೋಡಿದ್ದು.

ನಂತರ 2017ರ ಸೆಪ್ಟೆಂಬರ್ 15ರಂದು 1,382 ಜೈಲುಗಳ ಸ್ಥಿತಿಗತಿ ಕುರಿತ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಮದನ್ ಲೋಕುರ್ ಪೀಠ, 2012ರಿಂದ 2015ರವರೆಗೆ ಅಸ್ವಾಭಾವಿಕವಾಗಿ ಸತ್ತ ಕೈದಿಗಳ ಬಂಧುಗಳನ್ನು ಹುಡುಕಿ ಪರಿಹಾರ ಕೊಡಿಸಲು ಹೈಕೋರ್ಟುಗಳೇ ಮೊಕದ್ದಮೆ ದಾಖಲಿಸಿಕೊಳ್ಳಬೇಕು ಎಂದಿತು. ಸಂದರ್ಶಕ ಮಂಡಳಿಗಳನ್ನು ರಚಿಸಲು ಗಡುವನ್ನೂ ಕೊಟ್ಟಿತು. ಇಲ್ಲಿಯೂ ಪರಿಹಾರದ ಮಾತು ಅಸ್ವಾಭಾವಿಕ ಸಾವಿನ ಕಾಲಂಗೆ ಸೀಮಿತವಾಗಿಯೇ ಉಳಿಯಿತು.

ಕಾಲಂಗಳಾಚೆಗಿನ ಸಾವೊಂದನ್ನು ಕನ್ನಡಿಗರು ಮರೆಯಬಾರದು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಹೆಸರಾದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇನಲ್ಲಿ ಬಂಧಿಸಿ, ಮೀಸಾ ಅಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ಆಗಲೇ ಅವರಿಗೆ ತೀವ್ರ ಉಬ್ಬಸವಿತ್ತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿ ಹೊತ್ತು ಅವರ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ಮುಂದೆ ನೆನಪಿಸಿಕೊಂಡರು. ಸ್ಥಿತಿ ಕೈಮೀರಿದಾಗ 1977ರ ಜನವರಿ 15ರಂದು ಪೆರೋಲ್ ಕೊಟ್ಟು ಬಿಟ್ಟರು. 20ರಂದು ಅವರು ತೀರಿಕೊಂಡರು. ಐದು ದಿನ. ಲೆಕ್ಕದ ಪುಸ್ತಕಕ್ಕೆ ಅದು ಜೈಲಿನ ಸಾವಲ್ಲ. ಆ ಜೈಲು ಈಗ ಫ್ರೀಡಂ ಪಾರ್ಕ್. ಧರಣಿ ಕೂರಲು ಹೋಗುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತೋ!

ಇದು ತುರ್ತು ಪರಿಸ್ಥಿತಿಗೆ ಮುಗಿದ ಕಥೆಯಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ 83ನೇ ವಯಸ್ಸಿನಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದಾಗ, ಜೈಲಿನಲ್ಲಿ ನೀರು ಕುಡಿಯಲು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನಿನ ವಿಚಾರಣೆ ಇನ್ನೂ ನಡೆದಿರುವಾಗಲೇ, ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಸರಿದ್ದವರಾದ್ದರಿಂದ ದೇಶಕ್ಕೆ ಗೊತ್ತಾಯಿತು. ಹೆಸರಿಲ್ಲದವರ ಸಿಪ್ಪರಿಗೆ ಅರ್ಜಿ ಬರೆಯುವವರಿಲ್ಲ.

ಇಂಗ್ಲೆಂಡಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು. ನಮಗೆ 1894ರ ಕಾಯಿದೆ ಕೊಟ್ಟವರು ಅವರೇ ಅಲ್ಲವೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರಿಂದ ಜೈಲಿನ ಪ್ರತಿ ಸಾವನ್ನೂ ಜೈಲು ಇಲಾಖೆಯ ಹೊರಗಿರುವ ಒಂಬುಡ್ಸ್‌ಮನ್ ತನಿಖೆ ಮಾಡುತ್ತಾರೆ. ಕಾಯಿಲೆಯ ಸಾವಾದರೂ ಸರಿ. ಅಂಥ ಸಾವಿನಲ್ಲಿ ವೈದ್ಯಕೀಯ ಪರಿಶೀಲನೆಯೊಂದು ನಡೆದು, ಜೈಲಿನ ಹೊರಗಿದ್ದಿದ್ದರೆ ಸಿಗುತ್ತಿದ್ದಷ್ಟೇ ಚಿಕಿತ್ಸೆ ಇವರಿಗೂ ಸಿಕ್ಕಿತೇ ಎಂದು ಕೇಳುತ್ತದೆ. ಕುಟುಂಬದೊಂದಿಗೆ ಮಾತಾಡಲೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ನಿಮಗೆ ಏನು ತಿಳಿಯಬೇಕು ಎಂದು ಅವರೇ ಕೇಳುತ್ತಾರೆ. ಕೊರೊನರ್ ವಿಚಾರಣೆ ಮುಗಿದ ಮೇಲೆ ವರದಿ ಸಾರ್ವಜನಿಕವಾಗುತ್ತದೆ. 2021ರ ಸೆಪ್ಟೆಂಬರ್‌ನಿಂದ, ಬಿಡುಗಡೆಯಾದ 14 ದಿನಗಳೊಳಗಿನ ಸಾವುಗಳನ್ನೂ ಒಂಬುಡ್ಸ್‌ಮನ್ ನೋಡುತ್ತಿದ್ದಾರೆ. ಸ್ನೇಹಲತಾ ರೆಡ್ಡಿಯವರ ಐದು ದಿನ ಆ ಲೆಕ್ಕದೊಳಗೆ ಬರುತ್ತಿತ್ತು.

ಅಲ್ಲಿ ಎಲ್ಲ ಸರಿಯಾಗಿದೆ ಎಂದೇನೂ ಅಲ್ಲ. ಒಂಬುಡ್ಸ್‌ಮನ್ ಮಾತೂ ಶಿಫಾರಸೇ, ಒಂದೇ ಶಿಫಾರಸನ್ನು ಅದೇ ಜೈಲಿಗೆ ಮತ್ತೆ ಮತ್ತೆ ಬರೆಯಬೇಕಾಗಿ ಬಂದಿದೆ. ಆದರೂ ಪ್ರಶ್ನೆ ಕೇಳುವ ಕ್ರಮದಲ್ಲಿ ನಮಗೂ ಅವರಿಗೂ ಅಜಗಜಾಂತರ. ದಕ್ಷಿಣ ಆಫ್ರಿಕಾದಲ್ಲೂ ಜೈಲಿನ ಪ್ರತಿ ಸಾವು ಇನ್‌ಸ್ಪೆಕ್ಟಿಂಗ್ ಜಡ್ಜ್‌ಗೆ ಕೂಡಲೇ ವರದಿಯಾಗಬೇಕು. ಭಾರತ 1997ರಲ್ಲಿ ಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿತು, ಅನುಮೋದಿಸಲಿಲ್ಲ. ಅದಕ್ಕೆಂದು 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆಯೂ ಕಾನೂನಾಗದೆ ಬಿದ್ದುಹೋಯಿತು. ಆ ದಾರಿಯಲ್ಲಿ ಸದ್ಯಕ್ಕೆ ಭರವಸೆ ಇಡುವುದರಲ್ಲಿ ಅರ್ಥವಿಲ್ಲ.

ಭರವಸೆ ಇದ್ದರೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. 2016ರ ಮಾದರಿ ಜೈಲು ಕೈಪಿಡಿಯಂತೆ ಸಂದರ್ಶಕ ಮಂಡಳಿಗೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಜಿಲ್ಲಾಧಿಕಾರಿ, ಎಸ್ಪಿ, ವೈದ್ಯಾಧಿಕಾರಿಗಳ ಜೊತೆಗೆ ಶಾಸಕರು, ಸಮಾಜ ಸೇವಕರು ಸದಸ್ಯರು. ಅಂದರೆ ಗೃಹ ಇಲಾಖೆಯ ಹಂಗಿಲ್ಲದ ಒಬ್ಬರ ಕೈಗೆ ಜೈಲಿನ ಬಾಗಿಲು ಈಗಾಗಲೇ ತೆರೆದಿದೆ. ಇಂಥ ಭೇಟಿಗಳಲ್ಲಿ ಸಾಮಾನ್ಯವಾಗಿ ಅಡುಗೆಮನೆ ತೋರಿಸುತ್ತಾರೆ, ಸಾರಿನ ರುಚಿ ನೋಡಿಸುತ್ತಾರೆ, ಗ್ರಂಥಾಲಯದಲ್ಲಿ ಫೋಟೊ ತೆಗೆಸುತ್ತಾರೆ. ಸಾರಿನ ರುಚಿ ನೋಡುವುದು ತಪ್ಪಲ್ಲ. ಅದರ ಜೊತೆಗೆ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿಗಳನ್ನೂ ಬೆಂಗಾವಲಿನ ರಿಜಿಸ್ಟರನ್ನೂ ಎದುರುಬದುರು ಇಟ್ಟು ನೋಡಬೇಕು. ವೈದ್ಯರು ‘ಜಿಲ್ಲಾ ಆಸ್ಪತ್ರೆಗೆ’ ಎಂದು ಬರೆದ ದಿನಕ್ಕೂ ವಾಹನ ಹೊರಟ ದಿನಕ್ಕೂ ಎಷ್ಟು ಅಂತರವೆಂದು ಕಂಡುಕೊಳ್ಳಲು ಅರ್ಧ ಗಂಟೆ ಸಾಕು. ಇಡೀ ಜೈಲಿನ ನಾಡಿ ಅಲ್ಲಿ ಸಿಗುತ್ತದೆ.

ಮನಸ್ಸಿನ ಕಾಯಿಲೆಯ ವಿಷಯಕ್ಕೂ ಇದೇ ಮಾತು. ನಿಮ್ಹಾನ್ಸ್ ವೈದ್ಯರು ಬೆಂಗಳೂರು ಜೈಲಿನ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಾದಕ ವ್ಯಸನವನ್ನೂ ಸೇರಿಸಿದರೆ ಶೇ 80ರಷ್ಟು ಮಂದಿಗೆ ಒಂದಲ್ಲ ಒಂದು ತೊಂದರೆ ಕಂಡುಬಂತು. ವ್ಯಸನ ಬಿಟ್ಟರೂ ಶೇ 27ಕ್ಕೂ ಹೆಚ್ಚು. ಆತ್ಮಹತ್ಯೆ ಆದ ಮೇಲೆ ನೇಣಿಗೆ ಬಳಸಿದ ಬಟ್ಟೆಯನ್ನು ಮಹಜರಿನಲ್ಲಿ ವರ್ಣಿಸುವುದರಲ್ಲಿ ನಾವು ನಿಪುಣರು. ಕುಡಿತ ಒಮ್ಮೆಲೇ ನಿಂತು, ಜೈಲಿನ ಮೊದಲ ರಾತ್ರಿಗಳಲ್ಲಿ ನಡುಗುತ್ತ ಕೂತವನನ್ನು ಯಾರು ನೋಡಿದರು ಎಂಬುದು ಆ ಮಹಜರಿನಲ್ಲಿ ಇರುವುದಿಲ್ಲ.

ಇನ್ನೂ ಒಂದು ತೊಡಕು ತುಮಕೂರಿನಂಥ ಜಿಲ್ಲೆಗಳದ್ದೇ. ಕಾಯಿಲೆ ಬಿಗಡಾಯಿಸಿದ ಕೈದಿಯನ್ನು 70 ಕಿಲೊಮೀಟರ್ ದೂರದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸುತ್ತಾರೆ. ಅಲ್ಲಿ ಸತ್ತರೆ ಶವ ಮಹಜರು ಬೆಂಗಳೂರಿನಲ್ಲಿ, ಜೈಲಿನ ರಿಜಿಸ್ಟರು ತುಮಕೂರಿನಲ್ಲಿ, ಜೆಸಿಗೆ ಕಳುಹಿಸಿದ ಕೋರ್ಟು ಗುಬ್ಬಿಯಲ್ಲಿ. ಬೆಂಗಳೂರಿನಲ್ಲಿ ಕೂತ ಮ್ಯಾಜಿಸ್ಟ್ರೇಟರಿಗೆ ಸಾಯುವ ಹಿಂದಿನ ವಾರದ ಬ್ಯಾರಕ್ಕು ಕಾಣುವುದಿಲ್ಲ. ಆ ವಾರವನ್ನು ಕಂಡವರು ಪಕ್ಕದ ಹಾಸಿಗೆಯ ಕೈದಿಗಳು. ಅವರ ಹೇಳಿಕೆ ಪಡೆಯುವ ವೇಳೆಗೆ ಒಬ್ಬ ಜಾಮೀನಿನ ಮೇಲೆ ಹೋಗಿರುತ್ತಾನೆ, ಇನ್ನೊಬ್ಬ ಜೈಲರ್ ಎದುರಿಗೇ ನಿಂತು ಮಾತಾಡಬೇಕಾಗಿರುತ್ತದೆ. ಹೊರಗಿನ ತನಿಖೆ ಎಂದರೆ ಹೇಳಿಕೆ ಕೊಟ್ಟವನು ಮಾರನೇ ದಿನವೂ ಅದೇ ಜೈಲಿನಲ್ಲಿ ನಿರ್ಭಯವಾಗಿ ಇರುವಂತೆ ನೋಡಿಕೊಳ್ಳುವುದೂ ಸೇರಬೇಕು. ಬೇರೆ ಜೈಲಿಗೆ ವರ್ಗಾಯಿಸುವುದು ಸುಲಭ, ಆದರೆ ಅದು ಸಾಕ್ಷಿ ಹೇಳಿದವನಿಗೆ ಕೊಟ್ಟ ಶಿಕ್ಷೆಯಂತೆಯೇ ಆಗುತ್ತದೆ.

ಕುಟುಂಬದ ಪಾಡು ಬೇರೆ. ಸುದ್ದಿ ಬರುವುದು ಸಾಮಾನ್ಯವಾಗಿ ಊರಿನ ಠಾಣೆಯ ಮೂಲಕ. ಶವಾಗಾರದ ಮುಂದೆ ಕೂತವರಿಂದ ಸಹಿ ಹಾಕಿಸಿಕೊಳ್ಳುತ್ತಾರೆ, ಏನು ಬರೆದಿದೆ ಎಂದು ಓದಿ ಹೇಳುವವರಿರುವುದಿಲ್ಲ. ಕೈದಿ ಬದುಕಿದ್ದಾಗ ಅವನಿಗೆ ಉಚಿತ ವಕೀಲರು ಸಿಗುತ್ತಿದ್ದರು. ಕಸ್ಟಡಿಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಆ ಹಕ್ಕು ಕೊಡುತ್ತದೆ. ಸತ್ತೊಡನೆ ಆ ಹಕ್ಕು ಅವನೊಂದಿಗೇ ಹೋಗುತ್ತದೆ, ಕುಟುಂಬ ಕಸ್ಟಡಿಯಲ್ಲಿ ಇರುವುದಿಲ್ಲವಲ್ಲ. ಆದರೆ ಅದೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ಸತ್ತವನ ತಾಯಿ ಅಥವಾ ಹೆಂಡತಿ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಕೋರ್ಟಿನ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ಮ್ಯಾಜಿಸ್ಟ್ರೇಟರ ವಿಚಾರಣೆಗೆ ಹಾಜರಾಗಲು, ಮರಣೋತ್ತರ ವರದಿ ಮತ್ತು ವಿಚಾರಣಾ ವರದಿಯ ಪ್ರತಿ ಕೇಳಲು ವಕೀಲರನ್ನು ಕೊಡಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಹುದ್ದೆಯೂ ಬೇಡ. ಜೈಲಿನಲ್ಲಿ ಸಾವಾದ ದಿನವೇ ಅಧೀಕ್ಷಕರು ಆಯೋಗಕ್ಕೆ ಕಳುಹಿಸುವ ವರದಿಯ ಇನ್ನೊಂದು ಪ್ರತಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕಳುಹಿಸಲಿ, ಪ್ರಾಧಿಕಾರದವರೇ ಆ ಮನೆಗೆ ಹೋಗಲಿ. ಪ್ರಾಧಿಕಾರದ ಅಧ್ಯಕ್ಷರೂ ಸಂದರ್ಶಕ ಮಂಡಳಿಯ ಅಧ್ಯಕ್ಷರೂ ಒಬ್ಬರೇ, ಜಿಲ್ಲಾ ನ್ಯಾಯಾಧೀಶರು.